ಕೋನ ಮೊದಲು, ಸೂತ್ರ ಆಮೇಲೆ

ತೀರ್ಥಹಳ್ಳಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ತ್ರಿಕೋನಮಿತಿಯ ಸೂತ್ರವೆಲ್ಲ ಬಾಯಿಪಾಠ, ಲೆಕ್ಕ ಮಾತ್ರ ತಪ್ಪುತ್ತದೆ ಎಂದು ಬರೆದಿದ್ದೀಯ. ಯಾವ ಕೋನದಿಂದ ನೋಡುತ್ತಿದ್ದೇವೆ ಎಂದು ಗುರುತಿಸದೆ ಸೈನೋ ಟ್ಯಾನೋ ಹಾಕಿಬಿಟ್ಟರೆ ಹಾಗೇ ಆಗುವುದು.

ಲಂಬಕೋನ ತ್ರಿಭುಜ ಬರೆದ ಕೂಡಲೇ ಕೊಟ್ಟಿರುವ ಲಘುಕೋನಕ್ಕೆ ಥೀಟಾ ಎಂದು ಗುರುತು ಹಾಕು. 90 ಡಿಗ್ರಿಯ ಎದುರಿನದು ವಿಕರ್ಣ, ಅದು ಬದಲಾಗದು. ಥೀಟಾದ ಎದುರಿನದು ಅಭಿಮುಖ ಬಾಹು, ತಾಗಿಕೊಂಡಿರುವುದು ಪಾರ್ಶ್ವ ಬಾಹು. ಇನ್ನೊಂದು ಲಘುಕೋನಕ್ಕೆ ಹೋದರೆ ಇವೆರಡೂ ಅದಲುಬದಲು. ಸೈನ್ 30, ಕೋಸ್ 60 ಎರಡೂ 0.5 ಆಗುವುದು ಇದರಿಂದಲೇ. ಸೈನ್ ಎಂದರೆ ಅಭಿಮುಖವನ್ನು ವಿಕರ್ಣದಿಂದ ಭಾಗಿಸಿದ್ದು. ಕೋಸ್, ಪಾರ್ಶ್ವವನ್ನು ವಿಕರ್ಣದಿಂದ. ಟ್ಯಾನ್, ಅಭಿಮುಖವನ್ನು ಪಾರ್ಶ್ವದಿಂದ. ವಿಕರ್ಣವೇ ಎಲ್ಲಕ್ಕಿಂತ ಉದ್ದ, ಹಾಗಾಗಿ ಸೈನ್ 1.2 ಬಂತೆಂದರೆ ಭಾಗಾಕಾರ ತಲೆಕೆಳಗಾಗಿದೆ. ಕ್ಯಾಲ್ಕುಲೇಟರ್ ಸೈನ್ 30ಕ್ಕೆ -0.988 ತೋರಿಸಿದರೆ ಅದು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದೆ, ಡಿಗ್ರಿಗೆ ತಿರುಗಿಸು.

ಇನ್ನು ತೋಟಕ್ಕೆ ಹೋಗಿ ಒಂದು ಅಡಿಕೆ ಮರ ಅಳೆ. ಕೋನಮಾಪಕದ ನಡುಬಿಂದುವಿಗೆ ದಾರ ಕಟ್ಟಿ ಕಲ್ಲು ತೂಗಿಬಿಡು. ನೇರ ಅಂಚಿನ ಮೇಲೆ ಕಣ್ಣು ಹಾಯಿಸಿ ಹಾಳೆ ಶುರುವಾಗುವ ಜಾಗಕ್ಕೆ ಗುರಿಯಿಡು. ಗಾಳಿಗೆ ಅಲುಗುವ ಸೋಗೆಗೆ ಬೇಡ. ನೋಟ ಸಮತಲವಾಗಿದ್ದಾಗ ದಾರ 90ರ ಮೇಲಿರುತ್ತದೆ. ಈಗ 50ರ ಮೇಲೆ ಬಿದ್ದರೆ ಉನ್ನತ ಕೋನ, ಅಂದರೆ ನೋಟ ಸಮತಲದಿಂದ ಮೇಲೇರಿದ ಕೋನ, 90ರಲ್ಲಿ 50 ಕಳೆದು 40, 50 ಅಲ್ಲ. ಬಹಳ ಜನ ಎಡವುವುದು ಇಲ್ಲೇ. ಬುಡಕ್ಕೆ 15 ಮೀಟರ್ ದೂರವಿದ್ದರೆ ಎತ್ತರ 15 × ಟ್ಯಾನ್ 40, ಎಂದರೆ 15 × 0.839, ಅಂದರೆ 12.6 ಮೀಟರ್. ಇದು ನಿನ್ನ ಕಣ್ಣಿನ ಮಟ್ಟದಿಂದ ಮೇಲಿನದು. ಕಣ್ಣಿನ ಎತ್ತರ 1.4 ಸೇರಿಸಿದರೆ 14.

ಆದರೆ ನಮ್ಮ ಕಡೆ ಸಪಾಟು ನೆಲ ಎಲ್ಲಿದೆ? ಇಳಿಜಾರಿನ ಮೇಲೆ ಟೇಪು ಹಾಸಿದರೆ ಸಿಗುವುದು ವಿಕರ್ಣ. 20 ಡಿಗ್ರಿ ಇಳಿಜಾರಿನಲ್ಲಿ 15 ಮೀಟರ್ ಅಳೆದರೆ ಅಡ್ಡದೂರ 15 × ಕೋಸ್ 20, ಅಂದರೆ 14.1 ಮಾತ್ರ. ಮರದ ಬುಡ ನಿನಗಿಂತ ಕೆಳಗಿದ್ದರೆ ಕಣ್ಣಿನ ಎತ್ತರ ಸೇರಿಸುವುದು ಬಿಡು. ಬುಡಕ್ಕೆ ಅವನತ ಕೋನವನ್ನೂ (ನೋಟ ಸಮತಲದಿಂದ ಕೆಳಗಿಳಿದ ಕೋನ) ಅಳೆದು, ಎರಡು ಟ್ಯಾನ್‌ಗಳನ್ನು ಕೂಡಿಸಿ ಅಡ್ಡದೂರದಿಂದ ಗುಣಿಸು. ಬುಡವೇ ಕಣ್ಣಿಗಿಂತ ಮೇಲಿದ್ದರೆ ಎರಡೂ ಉನ್ನತ ಕೋನಗಳೇ, ಆಗ ಕಳೆಯಬೇಕು. ಮರಕ್ಕೆ ತೀರಾ ಹತ್ತಿರವೂ ನಿಲ್ಲಬೇಡ: 70 ಡಿಗ್ರಿ ದಾಟಿದರೆ ಒಂದೇ ಡಿಗ್ರಿ ತಪ್ಪಿದರೂ ಇಷ್ಟು ದೊಡ್ಡ ಮರದ ಎತ್ತರ ಅರ್ಧ ಮೀಟರಿಗೂ ಹೆಚ್ಚು ಏರುಪೇರಾಗುತ್ತದೆ.

ಒಂದು ಲೆಕ್ಕ ಕೊಡುತ್ತೇನೆ. ಕೊಟ್ಟಿಗೆಯ ಮಾಡಿನ (ಛಾವಣಿಯ) ಇಳಿಜಾರು 30 ಡಿಗ್ರಿ, ಗೋಡೆಯಿಂದ ನಡುವಿಗೆ ಅಡ್ಡದೂರ 10 ಅಡಿ. ಸೂರು ಬಿಟ್ಟು, ಮಾಡಿನ ಇಳಿಜಾರಿಗೆ ಹಾಕುವ ಪಕಾಸಿಯ ಉದ್ದ ಎಷ್ಟು? 11.55 ಬರಬೇಕು. 20 ಬಂದರೆ ಯಾವ ಬಾಹುವನ್ನು ತಪ್ಪು ಓದಿದೆ ಎಂದು ಬರೆದು ಕಳಿಸು.

ನಿನ್ನ ಮಾವ