ಬ್ರೇಕ್ ಹಾಕದೆ ಕಾದವರಿಗೆ

ನಮ್ಮ ರಕ್ತಕೋಶ ಪ್ರಯೋಗಾಲಯದ ಮುಖ್ಯಸ್ಥರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಪ್ರಬಂಧಗಳ ಮೇಲೆ ಇರುವುದು ಅವರ ಹೆಸರು, ಹಾರ ಬೀಳುವುದೂ ಅವರ ಕೊರಳಿಗೇ, ಬೀಳಲಿ. ಈ ಕೃತಜ್ಞತೆ ಮಾತ್ರ ಪ್ರಬಂಧದಲ್ಲಿ ಹೆಸರು ಬಾರದವರಿಗೆ.

ಮೊದಲ ನಮಸ್ಕಾರ ರಕ್ತ ಕೊಟ್ಟವರಿಗೆ. 10 ಎಂ.ಎಲ್. ರಕ್ತದಲ್ಲಿ ಕೈಗೆ ಸಿಗುವ ಏಕಕೇಂದ್ರಕ ಬಿಳಿಕೋಶಗಳು ಸುಮಾರು 1ರಿಂದ 2 ಕೋಟಿ. ನಾವು ಹುಡುಕುವ, ಹೊಸ ರಕ್ತಕೋಶಗಳನ್ನು ಹುಟ್ಟಿಸುವ ಪೂರ್ವಜ ಕೋಶ ಅದರಲ್ಲಿ ಸಾವಿರಕ್ಕೊಂದು ಇದ್ದರೆ ಹೆಚ್ಚು.

ರಕ್ತ ತೆಗೆದ ಸಿಸ್ಟರ್‌ಗಳಿಗೆ: ಡಿಎನ್‌ಎ ಕೆಲಸಕ್ಕೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಡ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬೇ ಬೇಕು (ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವವೇ) ಎಂಬ ನಮ್ಮ ಹಟ ಸಹಿಸಿದಿರಿ. ಹೆಪಾರಿನ್ ಚೂರು ಉಳಿದರೂ ಡಿಎನ್‌ಎ ಪ್ರತಿಗಳನ್ನು ತೆಗೆಯುವ ಪಿಸಿಆರ್ ಮುಷ್ಕರ ಹೂಡುತ್ತದೆ.

ಟ್ಯೂಬ್ ಹೊತ್ತು ತಂದ ಅಣ್ಣಂದಿರು ಅದನ್ನು ಐಸಿನಲ್ಲಿ ಇಡಲಿಲ್ಲ. ತಣ್ಣಗಾದರೆ, ರಕ್ತಕೋಶಗಳನ್ನು ಸಾಂದ್ರತೆಯಂತೆ ಬೇರ್ಪಡಿಸುವ ಫೈಕಾಲ್ ದ್ರಾವಣದ ಸಾಂದ್ರತೆ ಎಂ.ಎಲ್.ಗೆ 1.077 ಗ್ರಾಂಗಿಂತ ಏರುತ್ತದೆ, ತಳ ಸೇರಬೇಕಾದ ಕೆಂಪುಕೋಶಗಳು ಮೇಲೆಯೇ ಸಿಕ್ಕಿಕೊಳ್ಳುತ್ತವೆ. ಕರೆಂಟು ಹೋಗಿ ಕೋಣೆ ಕಾದರೆ ತದ್ವಿರುದ್ಧ: ನಮಗೆ ಬೇಕಾದ ಲಿಂಫೋಸೈಟುಗಳೆಂಬ ಬಿಳಿಕೋಶಗಳೂ ಕೆಳಗಿಳಿದು ಕಳೆದುಹೋಗುತ್ತವೆ.

ಟ್ಯೂಬನ್ನು ಗಿರಗಿರ ತಿರುಗಿಸಿ ಕೋಶ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಮುಂದೆ ನಿಂತವರಿಗೆ ಎರಡು ಪಾಲು ಧನ್ಯವಾದ. ಉಪ್ಪುದ್ರಾವಣ ಸಮಪಾಲು ಬೆರೆಸಿದ ರಕ್ತವನ್ನು ಫೈಕಾಲ್ ಮೇಲೆ, ಟ್ಯೂಬನ್ನು ಓರೆ ಹಿಡಿದು, ಗೋಡೆಗುಂಟ ಹನಿಹನಿಯಾಗಿ ಇಳಿಸಬೇಕು. 400 ಜಿ (ಗುರುತ್ವದ 400 ಪಟ್ಟು), 30 ನಿಮಿಷ, 20 ಡಿಗ್ರಿ, ಬ್ರೇಕ್ ಸೊನ್ನೆ. ಯಂತ್ರ ತಾನಾಗಿ ನಿಲ್ಲಲು ಹಿಡಿಯುವ ಹೊತ್ತು ಅವಸರದವರಿಗೆ ಹಿಂಸೆಯೇ. ಬ್ರೇಕ್ ಒತ್ತಿದರೆ ಹಳದಿ ಪ್ಲಾಸ್ಮಾದ ಕೆಳಗೆ, ಹಾಲಿನ ಕೆನೆಯಷ್ಟು ತೆಳ್ಳಗೆ ಕೂತ, ನಮಗೆ ಬೇಕಾದ ಕೋಶಗಳ ಬಿಳಿ ಪದರ ಕಲಕಿಹೋಗುತ್ತದೆ. ಈ ವಿಧಾನ 1968ರಲ್ಲಿ ನಾರ್ವೆಯ ಆರ್ನೆ ಬೊಯುಮ್ ಅವರು ಕೊಟ್ಟದ್ದು. ಅವರಿಗೂ ಇಲ್ಲಿಂದಲೇ ಒಂದು ನಮಸ್ಕಾರ.

ಒಂದೊಂದು ಪೂರ್ವಜ ಕೋಶದಿಂದ ಬೆಳೆದ ಕೋಶಗುಂಪು, ಅಂದರೆ ಕಾಲೊನಿ, ಎಣಿಸಿದವರ ಕಣ್ಣಿಗೆ ಏನು ಕೊಟ್ಟರೂ ಸಾಲದು. ಕೋಶ ಬೆಳೆಸುವ ಮೀಥೈಲ್ ಸೆಲ್ಯುಲೋಸ್ ಪಾಕದಂತೆ ಅಂಟು, ಪಿಪೆಟ್ಟಿಗೆ ಬಗ್ಗದು. ಮೊಂಡು ಸೂಜಿಯ ಸಿರಿಂಜಿನಲ್ಲಿ 35 ಮಿ.ಮೀ. ತಟ್ಟೆಗೆ 1.1 ಎಂ.ಎಲ್. ಹಾಕಬೇಕು. ಪಕ್ಕದಲ್ಲಿ ಮುಚ್ಚಳವಿಲ್ಲದ ನೀರಿನ ತಟ್ಟೆ ಇಡದಿದ್ದರೆ 14 ದಿನದೊಳಗೆ ಅಂಚು ಒಣಗಿ ಎಲ್ಲ ವ್ಯರ್ಥ. ಇಂಥದೇ ತಟ್ಟೆಗಳು, ಆಗ ಅಗಾರ್ ಎಂಬ ಜೆಲ್ಲಿಯವು, 1965-66ರಲ್ಲಿ ವಿಜ್ಞಾನಿಗಳಾದ ಇಸ್ರೇಲಿನ ಪ್ಲುಜ್ನಿಕ್–ಸ್ಯಾಕ್ಸ್ ಮತ್ತು ಮೆಲ್ಬರ್ನಿನ ಬ್ರ್ಯಾಡ್ಲಿ–ಮೆಟ್ಕಾಫ್ ಕೈಯಲ್ಲಿದ್ದವು. ಕಾಲೊನಿ ಬೆಳೆಯಲು ಹೊರಗಿನಿಂದ ಏನೋ ಒಂದು ಒದಗಬೇಕೆಂದು ಅವು ತೋರಿಸಿದವು. ಕೀಮೋ ಮುಗಿದ ಮೇಲೆ ಬಿಳಿಕೋಶ ಏರಿಸಲು ಇಂದು ಬೆಂಗಳೂರಿನ ವಾರ್ಡುಗಳಲ್ಲೂ ಚುಚ್ಚುವ ಜಿ-ಸಿಎಸ್‌ಎಫ್ ಎಂಬ ಔಷಧ ಆ ಹುಡುಕಾಟದ ಫಲ.

ಕೊನೆಗೆ ದ್ರವ ಸಾರಜನಕ ತುಂಬಿಸಿದವರು. ಹಿಮದಿಂದ ಕೋಶ ಕಾಯುವ ಡಿಎಂಎಸ್‌ಓ ದ್ರಾವಣದಲ್ಲಿ (ಶೇ 10), ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ ಮಲಗಿಸಿದ ಕೋಶಗಳು ಹಬ್ಬ, ರಜೆ ನೋಡುವುದಿಲ್ಲ. ಟ್ಯಾಂಕಿನ ಮಟ್ಟ ಇಳಿದರೆ ವರ್ಷಗಳ ಮಾದರಿ ಒಂದೇ ರಾತ್ರಿಯಲ್ಲಿ ನೀರು. ದೀಪಾವಳಿಯ ದಿನವೂ ಅಳತೆಕೋಲು ಅದ್ದಿ, ಪುಸ್ತಕದಲ್ಲಿ ಸೆಂಟಿಮೀಟರ್ ಬರೆದು ಸಹಿ ಹಾಕಿದ್ದೀರಿ. ಆ ಪುಸ್ತಕ ಈಗ ಹೊಸ ಮುಖ್ಯಸ್ಥರ ಮೇಜಿನ ಮೇಲಿದೆ. ಸೋಮವಾರ ಮತ್ತೆ ತುಂಬಿಸಬೇಕು.