ಬ್ರೆಜಿಲ್ ಸೂಪರ್ ಹೀರೋಗಳನ್ನೂ ಪರಿಚಯ ಮಾಡ್ರಿ

ಸಂಪಾದಕರಿಗೆ ನಮಸ್ಕಾರ ರೀ,

ಹೋದ ಭಾನುವಾರದ ಪುರವಣಿಯಾಗ ಸೂಪರ್ ಹೀರೋ ಕಾಮಿಕ್ಸ್ ಬಗ್ಗೆ ಬಂದ ಲೇಖನ ಓದಿದೆ, ಚಲೋ ಬರದಾರ, ಆದ್ರ ಎಲ್ಲಾರೂ ಅಮೆರಿಕದವರ ಆದ್ರು, ಬ್ರೆಜಿಲ್‌ದವ್ರು ಒಬ್ಬರೂ ಇಲ್ಲ ಅಂತ ಭಾಳ ಬ್ಯಾಸರಾತು.

ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನ ಸನ್‌ಸ್ಪಾಟ್ ಅನ್ನೋ ಹೀರೋನ್ನ ನೋಡ್ರಿ. 1982ರಾಗ ಕ್ರಿಸ್ ಕ್ಲೇರ್ಮಾಂಟ್ ಮತ್ತ ಬಾಬ್ ಮೆಕ್ಲೌಡ್ ಹುಟ್ಟಿಸಿದ ಪಾತ್ರ, ಖರೇ ಹೆಸರು ರೊಬರ್ಟೊ ಡ ಕೋಸ್ಟಾ, ಬ್ರೆಜಿಲ್‌ನ ರಿಯೋ ಊರಿನ ಹುಡುಗ, ಅಪ್ಪ ಆಫ್ರಿಕಾ ಮೂಲದ ಶ್ರೀಮಂತ, ಅವ್ವ ಪುರಾತತ್ವದ ಕೆಲಸ ಮಾಡಾಕಿ. ಬಿಸಿಲು ಮೈಯಾಗ ಹೀರಕೊಂಡು ಅದನ್ನ ತಾಕತ್ತು ಮಾಡ್ಕೊಳ್ಳಾಂವ (ವಿಜಯಪುರದ ಏಪ್ರಿಲ್ ಬಿಸಿಲು ಕಂಡ ನಮ್ಮ ಹುಡುಗ್ರಿಗೆ ಇಂಥಾ ಹೀರೋ ಹಿಡಸದ ಇರ್ತಾನೇನ್ರಿ). ಆ ಶಕ್ತಿ ಮೊದಲನೇ ಸಲ ಹೊರಗ ಬೀಳೋದು ಫುಟ್‌ಬಾಲ್ ಗ್ರೌಂಡಿನ್ಯಾಗ, ಎದುರು ಟೀಮಿನವ್ರು ಅವನ ಬಣ್ಣ ಹಿಡದು ಹೀಯಾಳಿಸಿ ಹೊಡ್ಯಾಕ ಬಂದಾಗ. ನನಗ ಆ ಪಾತ್ರದ ಜೀವಾನ ಅಲ್ಲಿ ಐತಿ ಅನಸ್ತದ. ಅದಕ್ಕ ಇವನ ಪಾತ್ರ ಇದ್ದ 2020ರ ‘ದಿ ನ್ಯೂ ಮ್ಯುಟಂಟ್ಸ್’ ಸಿನಿಮಾದಾಗ ನಟ ಬ್ರೆಜಿಲ್‌ದವನ ಆದ್ರೂ ತಿಳಿ ಬಣ್ಣದವನ್ನ ಹಾಕಿದ್ದಕ್ಕ ಕಾಮಿಕ್ಸ್ ಓದೋರು ಸಿಟ್ಟಾದ್ರು, ಅವ್ರ ಸಿಟ್ಟು ಬರೋಬ್ಬರಿ ಐತಿ. ಕಾಮಿಕ್ಸಿನ್ಯಾಗ ರೊಬರ್ಟೊನ ಅಪ್ಪ ಎಮ್ಯಾನುಯೆಲ್ ಮುಂದ ಹೆಲ್‌ಫೈರ್ ಕ್ಲಬ್ ಅನ್ನೋ ದುಷ್ಟರ ಕೂಟಕ್ಕ ಸೇರ್ತಾನ, ರೊಕ್ಕದ ಆಸೆಯ ಖಳನಾಯಕ, ಮನಿಯೊಳಗಿನ ವೈರಿ. ಇಂಥಾ ಖಳನಾಯಕ ಖರೇನ ಇರ್ತಾನ ಅಂತ ನಂಬಬಹುದು.

ಅಮೆರಿಕದ ಇನ್ನೊಂದು ಕಾಮಿಕ್ಸ್ ಕಂಪನಿ ಡಿಸಿಯವ್ರ ಫೈರ್ ಅನ್ನೋ ಬ್ರೆಜಿಲ್ ನಾಯಕಿ ಇನ್ನೂ ಹಳೇದು, 1979ರಾಗ ಬಂದಾಕಿ, ಹಸಿರು ಬೆಂಕಿ ಉಗುಳತಾಳ. ಹೆಸರು ಬಿಯಾಟ್ರಿಜ್ ಡ ಕೋಸ್ಟಾ. ಎರಡು ಬ್ಯಾರೆ ಬ್ಯಾರೆ ಕಂಪನಿ, ಎರಡಕ್ಕೂ ಅದ ಅಡ್ಡಹೆಸರು, ಬೆಳಗಾವಿಯವ್ರಿಗೆ ಇದು ಗೋವಾದಾಗ ಕೇಳಿದ ಹೆಸರ ರೀ ಯಾಕಂದ್ರ ಎರಡೂ ಕಡೆ ಪೋರ್ಚುಗೀಸರು ಆಳಿದ್ದು, ಆದ್ರ ಅಷ್ಟು ದೊಡ್ಡ ದೇಶಕ್ಕ ಬ್ಯಾರೆ ಹೆಸರ ಸಿಗಲಿಲ್ಲೇನು? ಅಮೆಜಾನ್ ಕಾಡಿನ ಕಥಿ ಇನ್ನೂ ಕೆಟ್ಟದು. 1983ರಾಗ ಮಾರ್ವೆಲ್‌ನವ್ರು ಆ ಕಾಡಿನೊಳಗ ನೋವಾ ರೋಮಾ ಅಂತ ಗುಪ್ತ ಊರು ಕಟ್ಟಿ, ರೋಮನ್ನರ ವಂಶದ ಮ್ಯಾಗ್ಮಾನ ನಾಯಕಿ ಮಾಡಿ, ಸಿಲೀನ್ ಅನ್ನೋ ಮಾಟಗಾತಿನ್ನ ವೈರಿ ಮಾಡಿ ಇಟ್ರು. ಕಾಡಿನ ಮೂಲನಿವಾಸಿಗಳನ್ನ ಬಿಟ್ಟು ಯುರೋಪಿನವ್ರನ್ನ ಅಲ್ಲಿಗೂ ಒಯ್ದು ಕುಂಡ್ರಸಿದ್ದು ನನಗ ಸಹಿಸಂಗಿಲ್ಲ.

ಈಗ ಸುಧಾರಿಸ್ಯಾರ. 2021ರಾಗ ಕಾಮಿಕ್ಸ್ ಬರೆಯೋ ಜೊಯೆಲ್ ಜೋನ್ಸ್ ಡಿಸಿಗೆ ತಂದ, ಯಾರಾ ಫ್ಲೋರ್ ಅನ್ನೋ ಬ್ರೆಜಿಲ್ ಮೂಲದ ವಂಡರ್ ವುಮನ್ ಕಥಿಯಾಗ ಕಾಡು ಕಾಯೋ ಕೈಪೋರಾ ಅನ್ನೋ ಅಲ್ಲಿನ ಜನಪದ ದೇವತಿ ಬರ್ತಾಳ, ಆದ್ರ ಹುಡುಗಿ ಬೆಳೆದದ್ದು ಮತ್ತ ಅಮೆರಿಕದಾಗ!

ವಿಚಿತ್ರ ಏನಂದ್ರ ಇದ ಕಂಪನಿಗಳಿಗೆ ಕಾಮಿಕ್ಸ್ ಚಿತ್ರ ತಗಿಯೋರು ಎಷ್ಟೋ ಜನ ಬ್ರೆಜಿಲ್‌ದವರ. ಮೈಕ್ ಡಿಯೊಡಾಟೊ ಪರೈಬಾ ರಾಜ್ಯದ ಕಂಪಿನಾ ಗ್ರಾಂಡೆಯವ್ರು, ವಂಡರ್ ವುಮನ್, ಅವೆಂಜರ್ಸ್ ತಗದಾರ, ಇವಾನ್ ರೀಸ್ ಗ್ರೀನ್ ಲ್ಯಾಂಟರ್ನ್ ತಗದಾರ. ಕೈ ಅವ್ರದು, ಕಥಿ ಮಾತ್ರ ಪರದೇಶದವ್ರದು. ಅವ್ರ ಊರು, ಅವ್ರ ಅಜ್ಜಿ ಕಥಿ ಕಾಮಿಕ್ಸಿನ್ಯಾಗ ಬರಾಕ 40 ವರ್ಷ ಹಿಡೀತು.

ನಮ್ಮ ಕಡೆಯೂ ಚಿತ್ರ ತಗಿಯೋ ಹುಡುಗ್ರು ಭಾಳ ಅದಾರ, ಮೊಬೈಲಿನ್ಯಾಗ ಸ್ಪೈಡರ್‌ಮ್ಯಾನ್ ಬಿಡಸ್ತಾರ. 1857ರಾಗ ಹತ್ಯಾರ ಕೊಡಂಗಿಲ್ಲ ಅಂತ ಇಂಗ್ಲಿಷರ ಎದುರು ನಿಂತ ಹಲಗಲಿ ಬೇಡರ ಕಥಿ ಮುಧೋಳ ತಾಲೂಕಿನ್ಯಾಗ ಐತಿ, ಲಾವಣಿಯಾಗ ಐತಿ, ಕಾಮಿಕ್ಸಿನ್ಯಾಗ ಯಾಕ ಬರಬಾರದು? ನಿಮ್ಮ ಭಾನುವಾರದ ಪುರವಣಿಯಾಗ ಅರ್ಧ ಪುಟ ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲಾದ ಹುಡುಗ್ರಿಗೆ ಕೊಡ್ರಿ, ಬರೆಯೋರೂ ತಗಿಯೋರೂ ಇಲ್ಲಿಯವರ ಇರಲಿ, ಮೊದಲನೇ ವಾರ ಸನ್‌ಸ್ಪಾಟ್ ಪರಿಚಯ ಹಾಕ್ರಿ, ಎರಡನೇ ವಾರದಿಂದ ಹಲಗಲಿ ಶುರು ಮಾಡ್ರಿ.

ನಿಮ್ಮ ಓದುಗ,
ಬೆಳಗಾವಿ