ಔಷಧ ಕೊರತೆ ಹುಟ್ಟುವುದು ಇಂಡೆಂಟಿನಲ್ಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಆಸ್ಪತ್ರೆಯಲ್ಲಿ ‘ಮಾತ್ರೆ ಇಲ್ಲ, ಹೊರಗಡೆ ತಗೊಳ್ಳಿ’ ಎಂದು ಚೀಟಿ ಬರೆದುಕೊಟ್ಟಾಗಲೆಲ್ಲ ಎಲ್ಲರೂ ದೂರುವುದು ಟೆಂಡರನ್ನು. ಇಡೀ ರಾಜ್ಯಕ್ಕೆ ಒಟ್ಟಾಗಿ ಔಷಧ ಕೊಳ್ಳುವ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಲೆಕ್ಕ ತಪ್ಪುವುದು ಎಷ್ಟೋ ಸಲ ಅದಕ್ಕೂ ಮೊದಲು, ಆಸ್ಪತ್ರೆಗಳಿಂದ ಬರುವ ಇಂಡೆಂಟಿನಲ್ಲೇ, ಅಂದರೆ ವರ್ಷಕ್ಕೆ ಬೇಕಾದ ಔಷಧಗಳ ಬೇಡಿಕೆ ಪಟ್ಟಿಯಲ್ಲೇ.

ಒಂದು ತಾಲ್ಲೂಕು ಆಸ್ಪತ್ರೆಗೆ ತಿಂಗಳಿಗೆ ಸಕ್ಕರೆ ಕಾಯಿಲೆಯ 30,000 ಮೆಟ್‌ಫಾರ್ಮಿನ್ ಮಾತ್ರೆ ಬೇಕು ಎನ್ನೋಣ. ವರ್ಷದಲ್ಲಿ ಎರಡು ತಿಂಗಳು ದಾಸ್ತಾನೇ ಇರಲಿಲ್ಲ. ವಹಿಯಲ್ಲಿ ಖರ್ಚು 3 ಲಕ್ಷ ಮಾತ್ರೆ ಎಂದಿರುತ್ತದೆ. ಅದಕ್ಕೆ ಶೇ 10 ಸೇರಿಸಿ 3.30 ಲಕ್ಷ ಕೇಳುತ್ತಾರೆ. ನಿಜವಾಗಿ ಬೇಕಿರುವುದು 3.60 ಲಕ್ಷ. ಹೀಗೆ ಈ ವರ್ಷದ ಕೊರತೆ ಮುಂದಿನ ವರ್ಷದ ಇಂಡೆಂಟಿಗೂ ದಾಟುತ್ತದೆ. ಖರ್ಚಾದದ್ದನ್ನು ಮಾತ್ರೆ ಇದ್ದ ತಿಂಗಳುಗಳಿಂದ ಭಾಗಿಸಿ 12ರಿಂದ ಗುಣಿಸಬೇಕು. ಮೇಲೆ ಮೂರು ತಿಂಗಳ ಕಾಪು ದಾಸ್ತಾನು ಸೇರಿಸಿ, ಕೈಯಲ್ಲಿರುವುದನ್ನೂ ಬರಬೇಕಾದದ್ದನ್ನೂ ಕಳೆಯಬೇಕು. ಅವಧಿ ಮುಗಿಯಲಿರುವ ಬ್ಯಾಚುಗಳನ್ನು ಕೈಯಲ್ಲಿರುವ ಲೆಕ್ಕಕ್ಕೆ ಹಿಡಿಯಬಾರದು.

ಇಂಡೆಂಟ್ ತಡವಾದರೆ ಟೆಂಡರೂ ತಡ. ಆಗ ಟೆಂಡರಿಲ್ಲದೆ ಕೊಳ್ಳಲು ಸರ್ಕಾರಿ ಖರೀದಿಯ 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಕೇಳುವುದು, ಇಲ್ಲವೇ ಆಸ್ಪತ್ರೆಗಳೇ ಸ್ಥಳೀಯವಾಗಿ ಚಿಲ್ಲರೆ ದರಕ್ಕೆ ಕೊಳ್ಳುವುದು. ಒಟ್ಟಾಗಿ ಕೊಂಡು ಉಳಿಸಬಹುದಾಗಿದ್ದ ಹಣ ಅಲ್ಲೇ ಸೋರಿಹೋಗುತ್ತದೆ.

ಅವಸರದ ಇನ್ನೊಂದು ಅಪಾಯ ಗೋದಾಮಿನಲ್ಲಿದೆ. ಡ್ರಿಪ್ ಬಾಟಲಿಯಂಥ ದ್ರಾವಣದಲ್ಲಿ ಸೂಕ್ಷ್ಮಾಣುಗಳಿಲ್ಲವೆಂದು ಖಚಿತಪಡಿಸುವ ಸ್ಟೆರಿಲಿಟಿ ಪರೀಕ್ಷೆಗೆ ಮಾದರಿಯನ್ನು 14 ದಿನ ಕಾವಿನಲ್ಲಿ ಇಟ್ಟು ನೋಡಬೇಕು. ಇದನ್ನು ಯಾವ ಆದೇಶದಿಂದಲೂ ಎರಡು ದಿನಕ್ಕೆ ಇಳಿಸಲಾಗದು. ಆಸ್ಪತ್ರೆಯಲ್ಲಿ ದಾಸ್ತಾನು ಖಾಲಿಯಾದಾಗ, ತಯಾರಕರೇ ಕೊಟ್ಟ ವರದಿ ನಂಬಿ ಮಾಲು ಬಿಡಬೇಕೆಂಬ ಒತ್ತಡ ಬರುತ್ತದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಅನುಮಾನ ಬಂದದ್ದು ರಿಂಗರ್ಸ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಆ ಸಾವುಗಳನ್ನು ಕಂಡ ಮೇಲಾದರೂ ಯಾವ ಬ್ಯಾಚೂ ಪರೀಕ್ಷೆ ಮುಗಿಯದೆ ಗೋದಾಮು ದಾಟಬಾರದು.

1995ರಿಂದ ಇದೇ ಕೆಲಸ ಮಾಡುತ್ತಿರುವ ತಮಿಳುನಾಡಿನ ನಿಗಮ ಆಸ್ಪತ್ರೆಗಳಿಗೆ ಪಾಸ್‌ಬುಕ್ ಕೊಟ್ಟಿತು: ಎಷ್ಟು ಮೊತ್ತದ ಔಷಧ ಎತ್ತಬಹುದು, ಎಷ್ಟು ಎತ್ತಿದ್ದಾರೆ, ಎಲ್ಲ ಅದರಲ್ಲೇ. ಪ್ರಯೋಗಾಲಯಕ್ಕೆ ಹೋಗುವ ಮಾದರಿಯ ಮೇಲೆ ತಯಾರಕರ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ.

ನಮ್ಮ ನಿಗಮ ಪ್ರತಿ ತಿಂಗಳು ಒಂದು ಪಟ್ಟಿ ಪ್ರಕಟಿಸಲಿ. ಯಾವ ಜಿಲ್ಲಾ ಗೋದಾಮಿನಲ್ಲಿ ಯಾವ ಔಷಧ ಎಷ್ಟು ದಿನಕ್ಕಾಗುವಷ್ಟಿದೆ, ಯಾವ ಬ್ಯಾಚು ಪರೀಕ್ಷೆಯಲ್ಲಿದೆ, ಯಾವ ಪೂರೈಕೆದಾರರ ಬಿಲ್ಲು ಎಷ್ಟು ದಿನದಿಂದ ಬಾಕಿ ಇದೆ ಎಂಬುದು ಅದರಲ್ಲಿರಲಿ. ಬಿಲ್ಲಿನ ವಿಷಯ ಸಣ್ಣದಲ್ಲ. ಹಣ ತಡವಾಗುವ ಕಡೆ ಒಳ್ಳೆಯ ಕಂಪನಿಗಳು ಟೆಂಡರ್ ಹಾಕುವುದನ್ನೇ ಬಿಡುತ್ತವೆ.

– ಓದುಗ, ಧಾರವಾಡ